ದಿನಕ್ಕೆ ಮೂರು ಸಾಲು

ಹೋದ ವಾರ ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಲುವೆಯ ಸೇತುವೆ ಬರುತ್ತಲೇ ಕಿಟಕಿಯಿಂದ ಆ ವಾಸನೆ ಬಂತು. ತಿಂಗಳುಗಟ್ಟಲೆ ಒಣಗಿದ್ದ ಕಾಲುವೆಗೆ ಆಗತಾನೇ ನೀರು ಬಿಟ್ಟಾಗ ಏಳುವ, ಧೂಳು, ಒಣ ಪಾಚಿ, ಎರೆಮಣ್ಣು ಎಲ್ಲ ಬೆರೆತ ವಾಸನೆ. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಗೋಗಿಯ ಕಾಕಾ ನೆನಪಾದರು...

ಕಾಕಾ ನನಗೆ ಬಂಧುವೇನಲ್ಲ. ನಾನು ಗೋಗಿಯ ಶಾಲೆಗೆ ಹೊಸದಾಗಿ ಟೀಚರಾಗಿ ಹೋದಾಗ ಪಕ್ಕದ ಮನೆಯಲ್ಲಿದ್ದವರು. ಹೊಲಗಳಿಗೆ ನೀರು ಹರಿಸುವ ಉಪಕಾಲುವೆಯ ಗೇಟು ನೋಡಿಕೊಳ್ಳುವುದು ಅವರ ಕೆಲಸ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ನೀರಿನ ಎತ್ತರ ನೋಡಿ ಬಂದು, ಮನೆಮುಂದಿನ ಕಟ್ಟೆಯ ಮೇಲೆ ಕೂತು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಮೂರೇ ಸಾಲು. ನೀರು ಎಷ್ಟಿದೆ, ಗೇಟು ಎಷ್ಟು ತೆರೆದಿದೆ, ಇವತ್ತು ಯಾರ ಸರದಿ. ಬರೆದಾದ ಮೇಲೆ ಬುಕ್ಕು ಮುಚ್ಚಿ ಚಹಾಕ್ಕೆ ಕೂಗು ಹಾಕುತ್ತಿದ್ದರು.

ಆಗ ನನ್ನ ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅಪ್ಪನ ಒಂದು ಮಾತೂ ಮರೆಯಬಾರದು, ಎಲ್ಲವನ್ನೂ ಬರೆದಿಡಬೇಕು ಎಂದು ಶಹಾಪುರದಲ್ಲಿ ದಪ್ಪದೊಂದು ಬುಕ್ಕು ಕೊಂಡೆ. ದಿನಕ್ಕೆ ಹತ್ತು ಪುಟ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ಮೊದಲ ದಿನ ಹನ್ನೊಂದು ಪುಟ ಬರೆದೆ, ಅತ್ತುಕೊಂಡೇ ಬರೆದೆ. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಅರ್ಧ ಪುಟ. ಆಮೇಲೆ ಆ ಬುಕ್ಕು ಹಾಲಿನ ಪಾತ್ರೆಯ ಮುಚ್ಚಳವಾಯಿತು. ಅಪ್ಪಟ ಆರಂಭಶೂರತ್ವ, ಇನ್ನೇನು!

ಅಷ್ಟಾಗಿದ್ದರೆ ಪರವಾಗಿರಲಿಲ್ಲ. ಒಂದು ಬೆಳಿಗ್ಗೆ, ಅಪ್ಪ ನನ್ನನ್ನು ಹೇಗೆ ಕೂಗುತ್ತಿದ್ದರು ಎಂದು ನೆನಪಿಸಿಕೊಳ್ಳಲು ಹೋದರೆ ದನಿಯೇ ಬರಲಿಲ್ಲ. ನಾನು ಬರೆಯದೇ ಹೋದ ಒಂದೊಂದು ದಿನವೂ ಅಪ್ಪ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಾರೆ ಅನ್ನಿಸಿತು. ಆದರೂ ಬುಕ್ಕು ತೆರೆಯಲು ಹೆದರಿಕೆ. ಹತ್ತು ಪುಟ ಯಾರು ಬರೆಯುತ್ತಾರೆ?

"ಅಕ್ಕೋರ, ಆ ಬುಕ್ಕ ಬರಿಯಾಕ ತಂದೀರೋ, ಹಾಲಿಗಿ ಮುಚ್ಚಾಕ ತಂದೀರೋ?" ಎಂದು ಕಾಕಾ ಒಂದು ದಿನ ಕೇಳಿಯೇ ಬಿಟ್ಟರು. ನಗಲು ಹೋಗಿ ಅತ್ತೆ. ಎಲ್ಲ ಹೇಳಿದೆ.

ಅವರು ತಮ್ಮ ನೋಟುಬುಕ್ಕು ಮುಚ್ಚಿಟ್ಟು, "ಕಾಲುವಿ ನೀರು ಹೊಸದಾಗಿ ಕಂಡ ರೈತರಂಗ ಮಾಡೀರಿ ನೋಡ್ರಿ" ಎಂದರು.

ಆ ತಪ್ಪನ್ನು ಅವರೇ ಮಾಡಿದ್ದರು. ಕಾಲುವೆ ಮೊದಲು ಬಂದ ವರ್ಷ, ನೀರು ಬಂತೆಂಬ ಸಂಭ್ರಮದಲ್ಲಿ ತಮ್ಮ ಜೋಳದ ಹೊಲದಲ್ಲಿ ಎಂಟು ದಿನ ನೀರು ಕಟ್ಟಿ ನಿಲ್ಲಿಸಿದ್ದರಂತೆ. ಮುಗಿಲು ನೋಡಿಕೊಂಡೇ ಬದುಕಿದವರಿಗೆ ನೀರು ಹೆಚ್ಚಾಗುವುದೂ ಉಂಟು ಎಂದು ಹೇಗೆ ಗೊತ್ತಾಗಬೇಕು? ಜೋಳ ಹಳದಿಯಾಗಿ ಕೊಳೆಯಿತು. ಹೊಲ ಜವಳು ಹಿಡಿದು ಮೇಲೆ ಬಿಳಿ ಉಪ್ಪು ಎದ್ದಿತು. ಎಷ್ಟೋ ವರ್ಷ ಅಲ್ಲಿ ಹುಲ್ಲೂ ಸರಿಯಾಗಿ ಬೆಳೆಯಲಿಲ್ಲ.

"ಭೂಮಿ ಎಷ್ಟ ಕುಡೀತದೋ ಅಷ್ಟೇ ಕೊಡಬೇಕ್ರಿ. ನಿಮಗ ದಿನಾ ಮೂರ ಸಾಲು ಸಾಕು. ಜ್ವರ ಬಂದ್ರೂ ಬರಿಯಂಗ ಇರಬೇಕು. ನಾಕನೇದು ಬರದ್ರ ನನ್ನ ಕೂಡ ಮಾತಾಡಬ್ಯಾಡ್ರಿ."

ನನಗೆ ಸಿಟ್ಟು ಬಂತು. "ನಮ್ಮಪ್ಪನ ಇಡೀ ಜೀವನ ಮೂರು ಸಾಲಿನಾಗ ಬರ್ತದೇನ್ರಿ ಕಾಕಾ?"

"ಇವತ್ತ ಬರಂಗಿಲ್ಲ. ನಾಳಿ ಅದ ಅಲ್ಲ?"

ಹಠಕ್ಕೆ ಬಿದ್ದು ಶುರುಮಾಡಿದೆ. ಬೆಳಗಿನ ಚಹಾ ಕುಡಿದ ಲೋಟ ತೊಳೆಯುವ ಮೊದಲು ಮೂರು ಸಾಲು. ಅಪ್ಪನ ಬಗ್ಗೆಯೇ ಆಗಬೇಕೆಂದಿಲ್ಲ, ಏನಾದರೂ ಸರಿ. ಶಾಲೆಯ ಗೋಡೆ ಬಿರುಕು ಬಿಟ್ಟಿದೆ. ಆಟೋದಲ್ಲಿ ಹದಿನಾಲ್ಕು ಜನ. ಬದನೆಕಾಯಿ ಕಹಿ. ಇಂಥವನ್ನು ಬರೆಯುವುದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಮ್ಮೆ ಆರು ದಿನ ತಪ್ಪಿತು. ಭಾನುವಾರ ಆರೂ ದಿನದ್ದನ್ನು ಒಟ್ಟಿಗೆ ಬರೆದು ಕಾಕಾಗೆ ಹೆಮ್ಮೆಯಿಂದ ಪುಟ ತೋರಿಸಿದೆ. ಅವರು ಓದಲೇ ಇಲ್ಲ, ಬುಕ್ಕನ್ನು ದೂರ ಹಿಡಿದು ನೋಡಿದರು. ಒಂದೇ ಶಾಯಿ, ಒಂದೇ ಓಟದ ಅಕ್ಷರ. "ನೀವು ಹುಡುಗುರ ಕಾಪಿ ಹಿಡೀತೀರಿ, ನಾ ನಿಮ್ಮದು ಹಿಡದೀನಿ!" ಎಂದು ನಕ್ಕರು. "ಬಿಟ್ಟ ದಿನ ಬಿಟ್ಟೋತು. ಮೊನ್ನಿ ಸರದಿ ನೀರು ಇವತ್ತ ಕೇಳಿದ್ರ ನಾ ಕೊಡ್ತೀನೇನು? ಇವತ್ತಿಂದ ಇವತ್ತ ಬರೀರಿ."

ಎರಡು ತಿಂಗಳಾಗಿರಬೇಕು. ಚಪ್ಪಲಿ ಮೆಟ್ಟುವ ಮೊದಲು ಕುಟ್ಟಿ ಚೇಳಿದೆಯೇ ಎಂದು ನೋಡಿದೆ ಎಂದು ಬರೆಯುತ್ತಿದ್ದೆ. ಮುಂದಿನ ಸಾಲು ತಾನಾಗಿ ಬಂತು. ಅಪ್ಪ ತಮ್ಮ ಚಪ್ಪಲಿಗಿಂತ ಮೊದಲು ನನ್ನವನ್ನು ಕುಟ್ಟಿ ಇಡುತ್ತಿದ್ದರು. "ಹಾಕ್ಕೊ ತಾಯಿ, ಯಾರೂ ಇಲ್ಲ ಒಳಗ" ಎನ್ನುತ್ತಿದ್ದರು. ಬರೆಯುತ್ತಿದ್ದಂತೆ ಆ ದನಿ ಕೇಳಿಸಿತು, ಆಣೆ ಮಾಡಿ ಹೇಳುತ್ತೇನೆ. ನಾಲ್ಕನೆಯ ಸಾಲಿಗೆ ಕೈ ತುಡಿಯಿತು. ಬರೆಯಲಿಲ್ಲ. ಮಾರನೆಯ ದಿನ ಅಪ್ಪ ಮತ್ತೆ ಬಂದರು.

ಮುಂದೆ ನನಗೆ ಯಾದಗಿರಿಯ ಕಡೆಗೆ, ಮುದನಾಳಕ್ಕೆ ವರ್ಗವಾಯಿತು. ಬರೆಯುವುದು ನಿಲ್ಲಲಿಲ್ಲ. ಈಗ ಹತ್ತೊಂಬತ್ತು ಬುಕ್ಕುಗಳಾಗಿವೆ, ಅಪ್ಪ ಅವುಗಳಲ್ಲಿ ಗಟ್ಟಿಯಾಗಿ ಕೂತಿದ್ದಾರೆ. ದಿನಚರಿ ಬರೆಯಲಾಗುತ್ತಿಲ್ಲ ಎಂದು ಯಾರಾದರೂ ಗೋಳಾಡಿದರೆ ನಾನು ಧೈರ್ಯವಾಗಿ ಹೇಳುತ್ತೇನೆ: ಆಸೆ ಹಿರಿದಿರಲಿ, ಅಳತೆ ಕಿರಿದಿರಲಿ. ನಗುವವರು ನಗಲಿ, ನನ್ನ ಕಪಾಟು ಬಂದು ನೋಡಲಿ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಹೆಂಗಸು ಗೋಗಿಯವರೇ ಎಂದು ಮಾತಿನಲ್ಲಿ ತಿಳಿಯಿತು. ಕಾಲುವೆ ಗೇಟಿನ ಕಾಕಾನ ಬಗ್ಗೆ ಕೇಳಿದೆ. "ಅವರಾ? ಹೋಗಿ ನಾಕ ವರ್ಷ ಆತಲ್ರಿ" ಎಂದರು.

ಮನೆಗೆ ಬಂದು ಗೋಗಿಯ ವರ್ಷಗಳ ಬುಕ್ಕುಗಳನ್ನೆಲ್ಲ ತೆಗೆದು, ಕಾಕಾನನ್ನು ಹುಡುಕಿದೆ. ಒಂದು ಕಡೆ "ಕಾಕಾ ಬಂದಿದ್ದರು" ಎಂದಿದೆ. ಇನ್ನೊಂದು ಕಡೆ "ಕಾಕಾನ ಮನೆಗೆ ಶೇಂಗಾ ಚಟ್ನಿಪುಡಿ ಕೊಟ್ಟೆ." ಅಷ್ಟೇ... ದಿನಾ ಕಟ್ಟೆಯ ಮೇಲೆ ಕಾಣುವವರನ್ನು ಬರೆದಿಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವರು ಇದ್ದೇ ಇರುತ್ತಾರೆ ಅಂದುಕೊಂಡಿದ್ದೆ.

ಹಾಗಾಗಿ ಇವತ್ತು ಒಂದೇ ಸಮನೆ ಇಷ್ಟೆಲ್ಲ ಬರೆದಿದ್ದೇನೆ, ಕಾಕಾ. ತಪ್ಪು ಎಂದು ಗೊತ್ತು. ಬೈಯುವುದಕ್ಕಾದರೂ ನೀವಿರಬೇಕಿತ್ತು.