ಕುದ್ರುವಿಗೆ ಹೋಗಲು ನಾನು ಹೇಳಿದ ಹೊತ್ತು

"ಮಮ್ಮೀ, ಆಪ್‌ಕೇ ಗಾಂವ್ ಮೇಂ ದೇಖ್‌ನೇ ಲಾಯಕ್ ಕ್ಯಾ ಹೈ?" ಎಂದು ಹೊಸ ಅಳಿಯ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಗಾಂವ್ ಅಂತೆ, ನೋಡಲು ಏನಿದೆ ಅಂತೆ! ಮೂರು ಕಡೆ ಹೊಳೆ ಸುತ್ತಿದ ಕುಂದಾಪುರ ಈ ಮುಂಬೈ ಬೊರಿವಲಿಯ ಹುಡುಗನಿಗೆ ಹಳ್ಳಿಯಾಯಿತು. ಅವನು ಪಾಪ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮದುವೆಯಾದ ಮೇಲೆ ಮೊದಲ ಸಲ ನನ್ನ ಮಗಳ ಜೊತೆ ಅಲ್ಲಿಗೆ ಹೊರಟಿದ್ದ.

ಒಂದು ಹಾಳೆ ತುಂಬ ಬರೆದುಕೊಟ್ಟೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೆ ಹಿಂದಿಯಲ್ಲಿ. ಬೆಳಿಗ್ಗೆ ಮೀನು ಪೇಟೆ, ಸಂಜೆ ಸೇತುವೆ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡುವುದು, ನೀರುದೋಸೆ, ದೋಣಿ. ಎಲ್ಲಕ್ಕಿಂತ ಮೇಲೆ ಕುದ್ರು. ಹೊಳೆಯ ನಡುವಿನ ಪುಟ್ಟ ದ್ವೀಪ ಅದು. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬಹುದು, ಚಿಪ್ಪು ಹೆಕ್ಕಬಹುದು. ಯಾವಾಗ ಇಳಿಯಬೇಕೆಂದು ಆ ದಿನ ಬೆಳಿಗ್ಗೆ ನಾನೇ ಫೋನಿನಲ್ಲಿ ಹೇಳುತ್ತೇನೆ ಎಂದೆ. ಫೋನುಗಳನ್ನು ನೀವು ಇಳಿದುಕೊಳ್ಳುವ ನನ್ನ ಚಿಕ್ಕಮ್ಮನ ಮನೆಯಲ್ಲೇ ಇಟ್ಟುಹೋಗಿ, ಒದ್ದೆಯಾದರೆ ಕಷ್ಟ ಎಂದೂ ಹೇಳಿದೆ. ಇಬ್ಬರಿಗೂ ಈಜು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಜೋಗೇಶ್ವರಿಯ ನನ್ನ ಮನೆಯಲ್ಲಿ ಪೇಪರ್ ಬಿಡಿಸಿದೆ. ಮೂಲೆಯಲ್ಲಿ ಸಮುದ್ರದ ಉಬ್ಬರ ಇಳಿತದ ಹೊತ್ತು ಹಾಕಿರುತ್ತಾರೆ. ನೋಡಿ ಮಗಳಿಗೆ ಹೇಳಿದೆ: "ಹನ್ನೊಂದಕ್ಕೆ ಇಳೀರಿ. ಎರಡರ ತನಕ ಏನೂ ಹೆದರಿಕೆ ಇಲ್ಲ."

ಅರ್ಧ ದಿನದ ಆಫೀಸು ಮುಗಿಸಿ ಬಾಂದ್ರಾ ಸ್ಟೇಷನ್ನಿಗೆ ಬಂದಾಗ ಒಂದು ಗಂಟೆ. ಚಿಕ್ಕಮ್ಮನ ಫೋನು ಬಂತು. ಊಟ ತಣಿಯುತ್ತಿದೆ, ಮಕ್ಕಳು ಪೇಟೆಯಿಂದ ಯಾವಾಗ ಬರುತ್ತಾರೆ ಎಂದು ಕೇಳಿದಳು.

"ಪೇಟೆಗಲ್ಲ ಚಿಕ್ಕಮ್ಮ, ಕುದ್ರುವಿಗೆ ಹೋಗಿದ್ದಾರೆ."

"ಎಂತ? ಈಗ್ಳಾ? ನೀರ್ ಏರುಕ್ ಶುರುವಾಯ್ತಲೆ!"

"ಎರಡರ ತನಕ ಏರೂದಿಲ್ಲ. ಪೇಪರಲ್ಲಿ ನೋಡಿದ್ದೇನೆ."

"ಯಾವ ಪೇಪರ್? ಬೊಂಬಾಯಿದಾ? ನಿಂಗೆ ಮಂಡೆ ಸಮ ಇತ್ತಾ? ಬೊಂಬಾಯಿ ಪೇಪರ್ ಕಂಡ್ಕಂಡ್ ನಮ್ಮ ಹೊಳೆಗೆ ಟೈಮ್ ಹೇಳ್ದ್ಯಾ? ಅಲ್ಲಿಗಿಂತ ಮುಂಚೆ ಇಲ್ಲಿ ನೀರ್ ಏರತ್ತ್! ಇಡ್, ಫೋನ್ ಇಡ್, ದೋಣಿಯವ್ನ ಕರಿತೆ."

ಫೋನು ಕಟ್ಟಾಯಿತು. ಐವತ್ತು ವರ್ಷ ಈ ಮುಂಬೈಯಲ್ಲಿದ್ದು ಇಲ್ಲಿಯ ಸಮುದ್ರವೇ ಎಲ್ಲ ಕಡೆಯ ಸಮುದ್ರ ಅಂದುಕೊಂಡೆನಲ್ಲ, ಎಂಥ ಹೆಡ್ಡಿ ನಾನು! ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು. ಅವಳು ದೋಣಿಯವನ ಮನೆ ಮುಟ್ಟುವುದು ಯಾವಾಗ?

ಮತ್ತೆ ಮತ್ತೆ ಫೋನು ಮಾಡಿದೆ. ಎತ್ತುವವರಿಲ್ಲ. ಮಗಳ ನಂಬರಿಗೂ ಮಾಡಿದೆ. ಆ ಫೋನು ಚಿಕ್ಕಮ್ಮನ ಮನೆಯಲ್ಲಿದೆ ಎಂದು ಗೊತ್ತಿದ್ದೂ ಮಾಡಿದೆ. ಬೊರಿವಲಿ ಸ್ಲೋ ಲೋಕಲ್ ರೈಲು ಬಂತು, ಹೋಯಿತು. ಇನ್ನೊಂದು ಬಂತು. ಒಳಗೆ ಹೋದರೆ ನೆಟ್‌ವರ್ಕ್ ಸಿಗದಿದ್ದರೆ ಎಂದು ಹತ್ತಲಿಲ್ಲ. "ಆಂಟಿ, ಚಢ್‌ನಾ ಹೈ ತೋ ಚಢೋ, ನಹೀಂ ತೋ ಹಟೋ!" ಎಂದು ಒಬ್ಬಳು ತಳ್ಳಿದಳು. ಬೇರೆ ದಿನವಾಗಿದ್ದರೆ ಅವಳ ಗ್ರಹಚಾರ ಬಿಡಿಸುತ್ತಿದ್ದೆ. ಆವತ್ತು ಬದಿಗೆ ಸರಿದೆ. ನೀರು ಈಗ ಮೊಣಕಾಲಿಗೆ ಬಂದಿರಬಹುದು, ಈಗ ಸೊಂಟಕ್ಕೆ, ಎಂದು ಕಂಬಕ್ಕೆ ಒರಗಿ ಲೆಕ್ಕ ಹಾಕುತ್ತ ನಿಂತೆ. ಬೊರಿವಲಿಯ ಬೀಗಿತ್ತಿಗೆ ಯಾವ ಬಾಯಲ್ಲಿ ಹೇಳಲಿ?

ಎರಡು ಗಂಟೆಗೆ ಐದು ನಿಮಿಷವಿರುವಾಗ ಮಗಳ ನಂಬರಿನಿಂದ ಫೋನು ಬಂತು.

"ಮಮ್ಮೀ, ಹಮ್ ಠೀಕ್ ಹೈಂ." ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಕನ್ನಡದಲ್ಲಿ ತಡವರಿಸಿದಳು. "ದೋಣಿ ಬಂತು. ನೀರು ಇವರ ಎದೆ ತನಕ ಬಂದಿತ್ತು. ನನ್ನನ್ನು ಎತ್ತಿ ಹಿಡಿದಿದ್ರು."

"ಬದುಕಿದೆ ಮಗಾ, ಬದುಕಿದೆ," ಎಂದು ಪ್ಲಾಟ್‌ಫಾರ್ಮಿನಲ್ಲೇ ಜೋರಾಗಿ ಅತ್ತುಬಿಟ್ಟೆ.

ಅವಳು ಅಳಲಿಲ್ಲ. "ದಡದಿಂದ ಒಬ್ಬ ಅಜ್ಜ ಮೊದಲೇ ಕೂಗಿದ್ರು, ಬನ್ನಿ ಬನ್ನಿ ಅಂತ. ಇವರು ವಾಪಸ್ ಹೋಗೋಣ ಅಂದ್ರು. ನಾನೇ ಬಿಡಲಿಲ್ಲ. ನನ್ನ ಮಮ್ಮಿ ಇದೇ ಊರಿನವಳು, ಅವಳಿಗೆ ಎಲ್ಲ ಗೊತ್ತು ಅಂದೆ."

ಇನ್ನೊಂದು ಲೋಕಲ್ ಬಂದು ನಿಂತಿತು. ಅದು ಹೊರಟ ಮೇಲೆ ಹೇಳಿದೆ:

"ನಾನು ಆ ಕುದ್ರುವಿಗೆ ಹೋದವಳೇ ಅಲ್ಲ ಮಗಾ. ಆರು ವರ್ಷಕ್ಕೇ ಇಲ್ಲಿಗೆ ಬಂದೆ. ಅಮ್ಮ ನನ್ನನ್ನು ನೀರಿಗೆ ಇಳಿಯಲು ಬಿಡುತ್ತಲೇ ಇರಲಿಲ್ಲ."

"ತೋ ಲಿಖಾ ಕ್ಯೂಂ?"

"ಯಾಕೆ ಬರೆದೆನಾ? ನಿನ್ನ ಗಂಡನ ಎದುರು ನನಗೂ ಒಂದು ಊರಿದೆ ಅಂತ ತೋರಿಸಬೇಕಿತ್ತು," ಎಂದೆ.