ಗಾಳಿಗೋಡೆಗೆ ತುರುಕಿದ ಸೀರೆ

ರಬಕವಿಯಿಂದ ಮುಧೋಳಕ್ಕೆ ಹೊರಟವನು ನಡುವೆ ನೇಕಾರರ ಊರೊಂದರಲ್ಲಿ ಇಳಿದೆ. ನಾನು ಹುಟ್ಟಿದ್ದಷ್ಟೇ ಅಲ್ಲಿ. ಜನನ ಪತ್ರದ ನಕಲು ಬೇಕಿತ್ತು. ಹೊಸ ಪುರಸಭೆಯ ಬಾಗಿಲಲ್ಲೇ ಫಲಕ: ಈ ಕಟ್ಟಡಕ್ಕೆ ಫ್ಯಾನು ಬೇಡ, ಗೋಡೆಯ ತೂತುಗಳಿಂದ ತಾನಾಗಿ ಗಾಳಿಯಾಡುತ್ತದೆ. ಒಳಗೆ ಹೋದರೆ ಬೇಯುವ ಸೆಕೆ. ಫ್ಯಾನು ನಿಜಕ್ಕೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಒಂದೊಂದು ತೂತಿಗೂ ಹಳೆ ಸೀರೆಯ ತುಂಡು ತುರುಕಿದ್ದರು!

ಯಾಕೆಂದು ಕೇಳಿದ್ದಕ್ಕೆ ನೇಕಾರರ ಮನೆತನದ ಗುಮಾಸ್ತರು ತಲೆಯೆತ್ತದೆ ಹೇಳಿದರು: "ಒಣಾ ಗಾಳಿ ಹೊಕ್ರ ಮಗ್ಗದಾಗಿನ ಎಳಿ ಹರಿತಾವ್ರಿ."

"ಇಲ್ಲಿ ಮಗ್ಗ ಎಲ್ಲಿದೆ ಸ್ವಾಮಿ?"

"ಇರದಿದ್ರ ಏನಾತ್ರಿ? ನಮ್ಮ ಮನ್ಯಾಗ ಕಿಡಕಿ ತಗದಿದ್ದು ನಾ ನೋಡೇ ಇಲ್ಲ."

ಅರ್ಜಿ ಕೊಟ್ಟು, ಕಾಯುತ್ತಿದ್ದ ಮಂದಿಯ ನಡುವೆ ಕೂತು ಒಂದು ತಾಸು ಬೆವರಿದೆ. ಪಕ್ಕದ ಅಜ್ಜಿ ಸೆರಗಿನಿಂದ ಬೀಸಿಕೊಳ್ಳುತ್ತ, "ಉಸರ ಕಟ್ಟಾಕತ್ತೈತಿ ಯಪ್ಪಾ" ಎಂದಳು. ನನಗೆ ಅಷ್ಟೇ ಸಾಕಾಯಿತು. ಎದ್ದು ನಾಲ್ಕು ತೂತುಗಳ ಬಟ್ಟೆ ಕಿತ್ತೆಸೆದೆ. ಫಲಕದಲ್ಲಿ ಬರೆದಂತೆಯೇ ಗಾಳಿ ನುಗ್ಗಿತು. ಮೇಜಿನ ಮೇಲೆ ಮಗ್ಗದ ಹಾಸಿನ ಉದ್ದೆಳೆಗಳಂತೆ ಪಾಳಿ ಪ್ರಕಾರ ಸಾಲಾಗಿ ಹರಡಿದ್ದ ಅರ್ಜಿಗಳೆಲ್ಲ ಹಾರಿ ನೆಲದ ತುಂಬ ಚೆಲ್ಲಾಡಿದವು. ನನ್ನದು ಎರಡನೆಯದಾಗಿತ್ತು.

ಗುಮಾಸ್ತರಿಗೆ ಸಿಟ್ಟೂ ಬರಲಿಲ್ಲ. "ಹರದ್ವು ನೋಡ್ರಿ ಎಳಿ. ಎಲ್ಲಾರೂ ಮತ್ತ ಮೊದಲಿಂದ ಪಾಳಿ ಹಚ್ಚರಿ."

ಅಷ್ಟೊತ್ತು ಬೆವರಿದ್ದ ಅಷ್ಟೂ ಮಂದಿ ನನ್ನನ್ನೇ ದುರುಗುಟ್ಟಿ ನೋಡಿದರು. ಅಜ್ಜಿ ಎದ್ದಳು. ನಾನು ಎಸೆದ ಬಟ್ಟೆಗಳನ್ನು ಹೆಕ್ಕಿ, ಕೊಡವಿ, ಒಂದೊಂದೇ ತೂತಿಗೆ ಹೆಬ್ಬೆರಳಿನಿಂದ ಒತ್ತಿ ತುರುಕಿದಳು.