ಹಳದಿ ಪಟ್ಟಿಗೆ ಉಹೂಂ

ನಮ್ಮ ಕಾರ್ಯಾಗಾರದಲ್ಲಿ ಕಾಲು ಮಾಡುತ್ತೇವೆ. ಕುರ್ಚಿಯ ಕಾಲಲ್ಲ, ಮನುಷ್ಯರ ಕಾಲು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರು ಊರುಗೋಲು ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಎಲ್ಲ ಸರಿಹೋದರೆ ನಡೆದುಕೊಂಡು ಹೋಗುತ್ತಾರೆ. ಕಾಲಿನ ಮೂಳೆಯ ಜಾಗಕ್ಕೆ ಪೈಪು ಕತ್ತರಿಸಿ ಜೋಡಿಸುವ ಕೆಲಸ ನನ್ನದು, ಹಾಗಾಗಿ ನಾನು ಎಲ್ಲರಿಗೂ ಪೈಪಣ್ಣ. ಅಳತೆ ತೆಗೆಯುವ ಕೆಲಸ ಅಳತೆಯಕ್ಕನದು. ಆ ಹೆಸರು ಸವೆದು ಸವೆದು ಈಗ ಬರೀ ಅಕ್ಕ ಆಗಿದೆ. ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ. ಇದು ಅವಳ ಕಥೆ. ನಡುವೆ ನನ್ನ ತಪ್ಪೊಂದು ಬರುತ್ತದೆ. ಅದನ್ನು ಮುಚ್ಚಿಟ್ಟು ಅವಳ ಕಥೆ ಹೇಳುವುದಕ್ಕೆ ಆಗುವುದಿಲ್ಲ.

ಅಕ್ಕನಿಗೆ ಈಗ ಐವತ್ತೆರಡು. ಕುತ್ತಿಗೆಯಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಪೆನ್ಸಿಲು. ಒಂದೊಂದು ಅಳತೆಯನ್ನೂ ಮೂರು ಸಲ ತೆಗೆಯುತ್ತಾಳೆ, ಮೂರೂ ಒಂದೇ ಬಂದರೆ ಮಾತ್ರ ಬರೆಯುತ್ತಾಳೆ. ಅವಳ ಗಂಡ, ನಮಗೆಲ್ಲ ಭಾವ, ದರ್ಜಿ. "ನಾನು ಒಂದ್ಸಲ ಅಳೆದು ಅಂಗಿ ಹೊಲೀತೀನಿ, ಇವಳು ಮೂರು ಸಲ ಅಳೆದು ಆ ಅಂಗಿ ತಪ್ಪು ಅಂತಾಳೆ" ಅನ್ನುವುದು ಅವನ ಹಳೆಯ ದೂರು. ಹತ್ತೊಂಬತ್ತು ವರ್ಷ ಒಟ್ಟಿಗೆ ದುಡಿದಿದ್ದೇವೆ. ನಾನು ಅವಳನ್ನು ನೀನು ಅನ್ನುತ್ತೇನೆ, ಹೆದರಿಕೆಯಂತೂ ಮೊದಲ ದಿನ ಇದ್ದಷ್ಟೇ ಇದೆ.

ಎಲ್ಲರ ಅಳತೆಯನ್ನೂ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಅವಳ ಡೇಟಾಬೇಸ್ ಹುಟ್ಟಿದ್ದು ಹಟದಿಂದ. ಮೊದಲು ಅಳತೆಯೆಲ್ಲ ನೋಟುಪುಸ್ತಕದಲ್ಲಿತ್ತು. ಒಂದು ಸಲ ಛಾವಣಿಯ ನೀರಿನ ಕೊಳವೆ ಒಡೆದು ನಾಲ್ಕು ಪುಸ್ತಕ ನೆನೆದು ಮುದ್ದೆಯಾದವು, ಇನ್ನೂರು ಜನರನ್ನು ಮತ್ತೆ ಕರೆಸಿ ಅಳೆಯಬೇಕಾಯಿತು. ಅವತ್ತೇ ಅವಳು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ ಮೇಜಿನ ಮೇಲಿಟ್ಟಳು. ರಟ್ಟು ಕಿತ್ತುಹೋದ ಒಂದು ಪುಸ್ತಕ ಹಿಡಿದುಕೊಂಡು, ಊಟದ ಬಿಡುವಿನಲ್ಲಿ ಒಂದೊಂದೇ ಪಾಠ ಕಲಿತು, ಹನ್ನೊಂದು ವರ್ಷದಲ್ಲಿ ಮೂರು ಸಾವಿರದ ನಾನೂರು ಜನರ ಅಳತೆಯನ್ನು ಅದರೊಳಗೆ ಕೂರಿಸಿದಳು. ಹೆಸರು ಕೊಟ್ಟರೆ ಆ ವ್ಯಕ್ತಿಯ ಕಾಲಿನ ಜಾತಕವೇ ಬರುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಪೈಪು ಎಷ್ಟುದ್ದ ಇರಬೇಕು ಅನ್ನುವ ಲೆಕ್ಕ ಚೀಟಿಯಾಗಿ ಹೊರಬೀಳುತ್ತದೆ. ಆ ಚೀಟಿ ನೋಡಿ ನಾನು ಕತ್ತರಿಸುತ್ತೇನೆ.

ನಮ್ಮ ಕಾರ್ಯಾಗಾರವೂ ಸೇರಿ ಸಂಸ್ಥೆಗೆ ನಾಲ್ಕು ಶಾಖೆ, ಆ ಡೇಟಾಬೇಸ್ ಫೈಲಿಗೂ ನಾಲ್ಕು ಪ್ರತಿ. ಶನಿವಾರ ವ್ಯಾನಿನವನು ನಾಲ್ಕನ್ನೂ ಪೆನ್‌ಡ್ರೈವಿನಲ್ಲಿ ತರುತ್ತಿದ್ದ, ಅಕ್ಕ ಹೊಸ ಹೆಸರುಗಳನ್ನೆಲ್ಲ ಒಂದುಗೂಡಿಸಿ ವಾಪಸು ಕಳಿಸುತ್ತಿದ್ದಳು. ಫೈಲು ತೆರೆದ ಕೂಡಲೇ ಮೇಲ್ಗಡೆ ಒಂದು ಹಳದಿ ಪಟ್ಟಿ ಬರುತ್ತಿತ್ತು. ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಅಪಾಯವಿರಬಹುದು, ಆದರೂ ನಡೆಯಲೇ, ಅಂತ ಕೇಳುವ ಪಟ್ಟಿ. ಮೊದಮೊದಲು ಶಾಖೆಯವರು ಗಾಬರಿಯಾಗಿ ಫೋನು ಮಾಡುತ್ತಿದ್ದರು. ಅಕ್ಕ ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಳು: "ಹಳದಿ ಪಟ್ಟಿ ಬಂದ್ರೆ ಹೂಂ ಅನ್ನಿ." ನಾವು ಇಪ್ಪತ್ತೆರಡು ಜನ ಹನ್ನೊಂದು ವರ್ಷ ಕೋಲೆಬಸವನ ಹಾಗೆ ತಲೆಯಾಡಿಸಿ ಹೂಂ ಅಂದೆವು. ಏನು ಕೇಳುತ್ತಿದೆ ಅಂತ ಓದುವುದನ್ನೇ ಬಿಟ್ಟಿದ್ದೆವು.

ಈಗ ನನ್ನ ತಪ್ಪು. ನಾವು ಹಾಕುವ ಪಾದದ ಕೆಳಗೆ ಹನ್ನೆರಡು ಮಿಲಿಮೀಟರ್ ದಪ್ಪದ ರಬ್ಬರ್ ಅಟ್ಟೆ ಇರುತ್ತದೆ. ಅಕ್ಕನ ಲೆಕ್ಕ ಅಷ್ಟನ್ನು ಪೈಪಿನ ಉದ್ದದಿಂದ ಕಳೆಯುತ್ತದೆ. ಒಂದು ಸಲ ನನ್ನ ಪಾಲಿಗೆ ಅಟ್ಟೆ ಇಲ್ಲದ ಪಾದಗಳು ಮೂರು ಬಂದವು. ಪ್ರತಿ ಸಲ ಚೀಟಿ ತಿದ್ದುವುದೇಕೆ ಎಂದು ನಾನು ಬುದ್ಧಿವಂತಿಕೆ ಮಾಡಿ, ನನ್ನ ಯಂತ್ರದಲ್ಲಿದ್ದ ನಮ್ಮ ಶಾಖೆಯ ಪ್ರತಿಯ ಒಳಹೊಕ್ಕು ಆ ಹನ್ನೆರಡನ್ನು ಸೊನ್ನೆ ಮಾಡಿದೆ. ಮೂರೂ ಕಾಲು ಚೆನ್ನಾಗಿ ಬಂದವು. ವಾಪಸು ಹನ್ನೆರಡು ಮಾಡುವುದು ಮರೆತೆ. ಆ ಶನಿವಾರ ಅಕ್ಕ ರಜೆಯಲ್ಲಿದ್ದಳು. ಯಾವುದರ ತಾರೀಖು ಹೊಸದೋ ಅದೇ ಸರಿಯಾದದ್ದು ಎಂದು ವ್ಯಾನಿನವನು ನನ್ನ ಪ್ರತಿಯನ್ನೇ ನಾಲ್ಕೂ ಕಡೆ ಹಾಕಿದ. ಎಲ್ಲ ಕಡೆ ಹಳದಿ ಪಟ್ಟಿ ಬಂತು, ಎಲ್ಲರೂ ಹೂಂ ಅಂದರು.

ಮೂರು ವಾರದಲ್ಲಿ ಹತ್ತೊಂಬತ್ತು ಕಾಲು ಹನ್ನೆರಡು ಮಿಲಿಮೀಟರ್ ಉದ್ದವಾಗಿ ಹೋದವು. ಹಾಕಿಕೊಂಡವರು ಏನೋ ಸರಿಯಿಲ್ಲ ಅಂದರೆ ಶಾಖೆಯವರು "ಅಭ್ಯಾಸ ಆಗುತ್ತೆ" ಅಂದು ಕಳಿಸಿದರು. ಅಭ್ಯಾಸ ಆಗದೆ ವಾಪಸು ಬಂದವಳು ಒಬ್ಬಳೇ, ಕಾಗದ ಹಂಚುವ ಅಂಚೆಯಮ್ಮ.

"ಅಕ್ಕಾ, ಹಳೇ ಕಾಲಲ್ಲಿ ದಿನಕ್ಕೆ ಏಳು ಬೀದಿ ತಿರುಗ್ತಿದ್ದೆ. ಇದರಲ್ಲಿ ಎರಡನೇ ಬೀದಿಗೇ ಸೊಂಟ ಹಿಡ್ಕೊಳ್ಳುತ್ತೆ. ದಿನಾ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತ ಹಾಗಿರುತ್ತೆ" ಅಂದಳು.

ಅಕ್ಕ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಸೊಂಟದ ಎರಡು ಕಡೆಯೂ ಅಳೆದಳು. ಮೂರು ಸಲ. ಮೂರು ಸಲವೂ ಹನ್ನೆರಡು ಮಿಲಿಮೀಟರ್ ವ್ಯತ್ಯಾಸ. ಆಮೇಲೆ ಮೇಜಿಗೆ ಬಂದು ಹಿಂದಿನ ವಾರಗಳ ಪ್ರತಿಗಳನ್ನೆಲ್ಲ ಒಂದೊಂದಾಗಿ ತೆರೆದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಅರ ಹಿಡಿದು, ಉಜ್ಜಿ ಆಗಿದ್ದ ಪೈಪನ್ನೇ ಮತ್ತೆ ಉಜ್ಜುತ್ತಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹನ್ನೊಂದು ವರ್ಷದ ಕೆಲಸಕ್ಕೆ ನಾನು ದೊಣ್ಣೆಯಾಗಿದ್ದೆ.

"ಅಕ್ಕಾ, ಅದು ನಾನು" ಅಂದೆ.

"ಗೊತ್ತಾಯ್ತು. ನಿನ್ನ ಪ್ರತೀಲೇ ಮೊದಲು ಬದಲಾಗಿದೆ. ನೀನಾಗೇ ಹೇಳ್ತೀಯಾ ಅಂತ ನೋಡ್ತಿದ್ದೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂಚೆಯಮ್ಮನ ಪೈಪನ್ನು ಬಿಚ್ಚಿ ಹನ್ನೆರಡು ಮಿಲಿಮೀಟರ್ ಕತ್ತರಿಸಿದೆ. ಬಳೆಯಷ್ಟು ತೆಳುವಾದ ಆ ತುಂಡು ನೆಲದ ಮೇಲೆ ಉರುಳಿಕೊಂಡು ಹೋಯಿತು. ಅಕ್ಕ ಬಗ್ಗಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. ಉಳಿದ ಹದಿನೆಂಟು ಜನರನ್ನೂ ಎರಡು ವಾರದೊಳಗೆ ಕರೆಸಿ ಸರಿಮಾಡಿದೆವು.

ಸುದ್ದಿ ಮೇಲಕ್ಕೆ ಹೋಯಿತು. ಸಂಸ್ಥೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರಿನವರೊಬ್ಬರು ಬಂದರು. ಮೂವತ್ತರ ಆಸುಪಾಸಿನವರು, ಒಳ್ಳೆಯವರು, ಆದರೆ ಮಾತು ಚುಟುಕು. ಒಂದನೇ ತಾರೀಖಿನಿಂದ, ಮಾಡಿದವರ ಡಿಜಿಟಲ್ ಸಹಿ, ಅಂದರೆ ಇದು ಇವರದೇ, ಆಮೇಲೆ ಯಾರೂ ಮುಟ್ಟಿಲ್ಲ ಅಂತ ಯಂತ್ರಕ್ಕೆ ಹೇಳುವ ಗುರುತು, ಇಲ್ಲದ ಯಾವ ಪ್ರೋಗ್ರಾಮೂ ಸಂಸ್ಥೆಯ ಯಂತ್ರಗಳಲ್ಲಿ ತೆರೆಯುವುದಿಲ್ಲ ಅಂದರು. ಒಂದನೇ ತಾರೀಖಿಗೆ ಇದ್ದದ್ದು ನಾಲ್ಕು ವಾರ.

"ಇದನ್ನ ಬಿಟ್ಟುಬಿಡಿ ಮೇಡಂ. ಹೊಸದು ತರಿಸೋಣ."

"ಯಾವಾಗ ಬರುತ್ತೆ?"

"ಒಂದೂವರೆ ವರ್ಷ ಆಗಬಹುದು."

"ಅಲ್ಲೀವರೆಗೆ ಕಾಲು ಬೇಕು ಅಂತ ಬಂದವರಿಗೆ ಏನು ಹೇಳಲಿ? ಕುಂಟ್ತಾ ಇರಿ ಅಂತಲಾ?" ಅಂದಳು ಅಕ್ಕ. "ನೀವು ಹೇಳೋ ಸಹಿ ಹೇಗೆ ಹಾಕೋದು ಅಂತ ಹೇಳಿ. ನಾಲ್ಕು ವಾರ ಇದೆಯಲ್ಲ."

ಅಕ್ಕ ಒಂದು ಸಲ ಪಟ್ಟು ಹಿಡಿದರೆ ಉಡದ ಪಟ್ಟು. ಆ ಹಳೆಯ ಪುಸ್ತಕದಲ್ಲಿ ಸಹಿಯ ಪಾಠವಿದ್ದ ಹಾಳೆಗಳೇ ಇರಲಿಲ್ಲ. ಎಲ್ಲಿಂದಲೋ ಹುಡುಕಿ ಮುದ್ರಿಸಿಕೊಂಡ ನಲವತ್ತು ಹಾಳೆಗಳನ್ನು ಭಾವನಿಂದ ದಪ್ಪ ದಾರದಲ್ಲಿ ಹೊಲಿಸಿಕೊಂಡು ತಂದಳು. ಮೊದಲನೇ ವಾರ ಫೈಲನ್ನು ಎರಡು ಭಾಗ ಮಾಡಿದಳು. ಅಳತೆಗಳೆಲ್ಲ ಒಂದೇ ಕಡೆ, ಮುಖ್ಯ ಕಚೇರಿಯ ಯಂತ್ರದಲ್ಲಿ ಗುಪ್ತಪದದ ಹಿಂದೆ. ಶಾಖೆಗಳಿಗೆ ಹೋಗುವುದು ನೋಡುವ, ತುಂಬುವ ಪುಟಗಳು ಮಾತ್ರ. ವ್ಯಾನಿನವನ ಪೆನ್‌ಡ್ರೈವ್ ಪುರಾಣ ಅಲ್ಲಿಗೆ ಮುಗಿಯಿತು. ಎರಡನೇ ವಾರ ಆ ಪುಟಗಳ ಒಳಕ್ಕೆ ಯಾರೂ ಕೈ ಹಾಕದ ಹಾಗೆ ಬೀಗ ಜಡಿದಳು. ಬೀಗವಿಲ್ಲದ ಮೂಲಪ್ರತಿ ತನ್ನ ಕಪಾಟಿನಲ್ಲೊಂದು, ಕಂಪ್ಯೂಟರಿನವರ ಹತ್ತಿರ ಇನ್ನೊಂದು. ಮೂರನೇ ವಾರ ಸಹಿ ಹಾಕಿದಳು.

ಕಂಪ್ಯೂಟರಿನವರು ಬಂದು ನೋಡಿ ನಕ್ಕರು. "ಈ ಸಹಿ ಅಸಲಿ ಅಂತ ಸರ್ಟಿಫಿಕೇಟು ಕೊಟ್ಟವರು ನೀವೇ, ತಗೊಂಡವರೂ ನೀವೇ. ನಿಮ್ಮ ಬೆನ್ನು ನೀವೇ ತಟ್ಟಿಕೊಂಡ ಹಾಗಾಯ್ತಲ್ಲ ಮೇಡಂ. ಇಂಥ ಸಹೀನ ಯಂತ್ರ ನಂಬಲ್ಲ."

"ಮೂರು ಸಾವಿರದ ನಾನೂರು ಜನ ನನ್ನ ನಂಬಿ ಕಾಲು ಚಾಚಿದ್ದಾರೆ. ನಿಮ್ಮ ಯಂತ್ರಕ್ಕೆ ನನ್ನ ಪರಿಚಯ ಇಲ್ಲ, ಅಷ್ಟೆ. ಮಾಡಿಸಿ."

ಅವರು ಗಲ್ಲ ಕೆರೆದುಕೊಂಡು ಒಪ್ಪಿದರು. ಸಂಸ್ಥೆಯ ಎಲ್ಲ ಯಂತ್ರಗಳಲ್ಲೂ ಅಕ್ಕನ ಸಹಿಯನ್ನು ನಂಬಬಹುದಾದವರ ಪಟ್ಟಿಗೆ ಅವತ್ತೇ ಸೇರಿಸಿದರು. ಆದರೆ ಒಂದು ಷರತ್ತು. ಸಹಿ ಹಾಕುವ ಕೀಲಿ, ಅಂದರೆ ಅದಕ್ಕೆಂದೇ ಇಟ್ಟ ಪೆನ್‌ಡ್ರೈವು ಮತ್ತು ಅದರ ಗುಪ್ತಪದ, ಕಚೇರಿ ಬಿಟ್ಟು ಹೊರಗೆ ಹೋಗಬಾರದು. ಅಕ್ಕನಲ್ಲದೆ ಇನ್ನೊಬ್ಬರ ಹೊಣೆಯಲ್ಲೂ ಅದು ಇರಬೇಕು. ಆ ಇನ್ನೊಂದು ಹೆಸರನ್ನು ತಿಂಗಳ ಕೊನೆಯ ದಿನದೊಳಗೆ ಬರೆದುಕೊಡದಿದ್ದರೆ ಒಂದನೇ ತಾರೀಖು ಫೈಲು ಬಂದ್.

ಸಹಿ ಹಾಕಿದ ದಿನವೇ ಒಂದು ತಮಾಷೆ ನಡೆಯಿತು. ಒಂದು ಪುಟದಲ್ಲಿ ಮೊಣಕಾಲು ಅನ್ನುವುದು ಮೊಣಕಲು ಅಂತ ಆಗಿತ್ತು. ಅಕ್ಕ ಮೂಲಪ್ರತಿಯಲ್ಲಿ ದೀರ್ಘವೊಂದನ್ನು ಸೇರಿಸಿ ಮತ್ತೆ ತೆರೆದರೆ ಹಳದಿ ಪಟ್ಟಿ. ಸಹಿ ಮುರಿದುಹೋಗಿತ್ತು.

"ನೋಡೋ, ಒಂದು ದೀರ್ಘಕ್ಕೆ ನನ್ನನ್ನೇ ನಂಬಲ್ಲ ಅಂತಿದೆ" ಅಂದಳು. ಎಷ್ಟೋ ವಾರಗಳ ಮೇಲೆ ಅವಳ ಮುಖದಲ್ಲಿ ಖುಷಿ ಕಂಡಿತು. "ಹೀಗೇ ಇರಬೇಕು."

ಮತ್ತೆ ಸಹಿ ಹಾಕಿ, ವ್ಯಾನು ಹತ್ತಿ ಎಲ್ಲ ಶಾಖೆಗೂ ಹೋದಳು. ಪೈಪಿನ ಯಂತ್ರ ನೋಡುವ ನೆಪದಲ್ಲಿ ನಾನೂ ಹೋದೆ. ಪ್ರತಿಯೊಂದು ಕಡೆಯೂ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದು ಇಷ್ಟೇ: "ಹಳದಿ ಪಟ್ಟಿಗೆ ಹೂಂ ಅನ್ನೋದನ್ನ ಕಲಿಸಿದ್ದು ನಾನು. ತಪ್ಪು ನಂದು. ಇನ್ನು ನನ್ನ ಫೈಲಿಗೆ ಆ ಪಟ್ಟಿ ಬರಲ್ಲ. ಬಂತು ಅಂದ್ರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಯಾರೇ ಹೇಳಲಿ, ಉಹೂಂ ಅನ್ನಿ." ಎಲ್ಲೂ ನನ್ನ ಹೆಸರು ಎತ್ತಲಿಲ್ಲ. ನಾನು ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದೆ.

ನಾಲ್ಕನೇ ವಾರ ಒಂದು ದಿನ ಅಕ್ಕ ಜ್ವರ ಬಂದು ಮನೆಯಲ್ಲಿದ್ದಳು. ಅವತ್ತು ನನ್ನ ಮುಂದಿನ ಬೆಂಚಿನಲ್ಲಿ, ಅಕ್ಕ ಮೊದಲೇ ಅಳತೆ ತೆಗೆದಿದ್ದ ಒಬ್ಬ ಗಾರೆ ಕೆಲಸದವನು ಪ್ಯಾಂಟಿನ ಒಂದು ಕಾಲು ಮಡಿಸಿಕೊಂಡು ಬೆಳಿಗ್ಗೆಯಿಂದ ಕೂತಿದ್ದ. ಸಂಜೆಯ ಬಸ್ಸಿಗೆ ಅವನು ಹೊರಡಬೇಕು. ಚೀಟಿ ತೆಗೆಯಲು ಹೋದರೆ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಅಕ್ಕನಿಗೆ ಫೋನು ಮಾಡಿದೆ. ಕಪಾಟಿನ ಮೂಲಪ್ರತಿಯ ನಕಲೊಂದು ಅವಳ ಮನೆಯ ಕಂಪ್ಯೂಟರಿನಲ್ಲಿತ್ತು. ಮಲಗಿದ್ದಲ್ಲಿಂದ ಎದ್ದು ದೋಷ ಹುಡುಕಿ, ತಿದ್ದಿ, ಈಮೇಲಿನಲ್ಲಿ ಕಳಿಸಿದಳು. ತೆರೆದೆ. ಮೇಲ್ಗಡೆ ಹಳದಿ ಪಟ್ಟಿ.

"ಅಕ್ಕಾ, ಪಟ್ಟಿ ಬಂತು."

"ಹೌದು ಕಣಪ್ಪ, ಸಹಿ ಹಾಕೋ ಕೀಲಿ ಅಲ್ಲೇ ನನ್ನ ಡ್ರಾಯರಲ್ಲಿದೆ, ನಾನೇ ತಿದ್ದಿರೋದು. ಪಾಪ ಆತ ಕಾಯ್ತಿದ್ದಾನೆ. ಇವತ್ತೊಂದು ದಿನ ಹೂಂ ಅನ್ನು."

ಬೆರಳು ಗುಂಡಿಯ ಮೇಲಿತ್ತು. ಗಾರೆಯವನು ಗಡಿಯಾರ ನೋಡಿದ. ಅಂಚೆಯಮ್ಮ ಗೋಡೆಗೆ ಒರಗಿ ನಿಂತದ್ದು ನೆನಪಾಯಿತು.

"ಉಹೂಂ, ಅಕ್ಕ."

ಗುಂಡಿಯಿಂದ ಬೆರಳು ತೆಗೆದು ಹೇಳಿದೆ: "ಅವತ್ತು ನಾನೂ ಒಳ್ಳೇದಕ್ಕೇ ಅಂತ ತಿದ್ದಿದ್ದು. ನೀನು ಸಹಿ ಹಾಕಿದ್ರೆ ತೆಗೀತೀನಿ."

ಅವಳು ಫೋನಿಟ್ಟಳು. ನಾನು ಗಾರೆಯವನ ಹತ್ತಿರ ಕೂತು, ಇನ್ನೂ ಸ್ವಲ್ಪ ಹೊತ್ತಾಗುತ್ತದೆ, ಕ್ಷಮಿಸಿ ಅಂದೆ. ಅವನು ನನ್ನನ್ನೂ ಯಂತ್ರವನ್ನೂ ಚೆನ್ನಾಗಿಯೇ ಬೈದ. ಒಂದೂವರೆ ಗಂಟೆಯ ಮೇಲೆ ಅಕ್ಕ ಶಾಲು ಹೊದ್ದು ಭಾವನ ಭುಜ ಹಿಡಿದುಕೊಂಡು ಬಂದಳು. ನೇರ ಮೇಜಿಗೆ ಹೋಗಿ ಡ್ರಾಯರು ತೆಗೆದು, ತಾನು ತಿದ್ದಿದ್ದನ್ನು ಮತ್ತೊಮ್ಮೆ ಓದಿದಳು. ಓದುತ್ತ ಓದುತ್ತ ನಿಂತು, ಒಂದು ಸಾಲು ಸರಿಮಾಡಿದಳು. ಜ್ವರದಲ್ಲಿ ಎಡಗಾಲಿನ ಅಳತೆಯನ್ನು ಬಲಗಾಲಿನ ಜಾಗಕ್ಕೆ ಜೋಡಿಸಿಬಿಟ್ಟಿದ್ದಳು. ಆಮೇಲೆ ಸಹಿ ಹಾಕಿದಳು. ಚೀಟಿ ಬಂತು, ನಾನು ಕತ್ತರಿಸಿದೆ, ಗಾರೆಯವನು ಕಡೇ ಬಸ್ಸಿಗೆ ಹೋದ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಕಂಪ್ಯೂಟರಿನವರು ಕಾಗದ ಹಿಡಿದು ಬಂದರು. ಅಕ್ಕ ತನ್ನ ಹೆಸರು ಬರೆದು ಅದರ ಕೆಳಗೆ ನನ್ನ ಹೆಸರು ಬರೆದಳು. ಅವರು ಕಾಗದ ನೋಡಿ ನನ್ನನ್ನು ನೋಡಿದರು, ಸ್ವರ ತಗ್ಗಿಸಿದರು.

"ಮೇಡಂ, ಆ ಹನ್ನೆರಡನ್ನ ಸೊನ್ನೆ ಮಾಡಿದ್ದು ಇವರೇ ಅಲ್ವಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಗಲ್ವಾ?"

"ಇಪ್ಪತ್ತೆರಡು ಜನರಲ್ಲಿ ನನಗೆ ಉಹೂಂ ಅಂದವನು ಇವನೊಬ್ಬನೇ" ಅಂದಳು ಅಕ್ಕ. "ಅವತ್ತು ಇವನು ಹೂಂ ಅಂದಿದ್ರೆ ತಪ್ಪು ಕಾಲಿಗೆ ನನ್ನ ಹೆಸರಿರ್ತಿತ್ತು."

ಅವರು ಕಾಗದ ಮಡಿಸಿಕೊಂಡು ಹೋದರು. ಅಕ್ಕ ಗುಪ್ತಪದ ಬರೆದ ಲಕೋಟೆಯನ್ನು ನನ್ನ ಕೈಯಲ್ಲಿಟ್ಟಳು. ಒಳಗೆ ಏನೋ ಟಣ್ ಅಂತು. ಬಿಚ್ಚಿ ನೋಡಿದರೆ ಅಂಚೆಯಮ್ಮನ ಪೈಪಿನಿಂದ ಕತ್ತರಿಸಿದ ಬಳೆ.

"ಗುಪ್ತಪದ ಮರೆತ್ರೆ ನನ್ನ ಕೇಳು. ಇದನ್ನ ಮಾತ್ರ ಮರೀಬೇಡ" ಅಂದು ಟೇಪು ಕೊರಳಿಗೆ ಹಾಕಿಕೊಂಡು, ಹೊರಗೆ ಕಾಯುತ್ತಿದ್ದವರನ್ನು ಕರೆದಳು.

ಮಾರನೇ ದಿನ ಒಂದನೇ ತಾರೀಖು. ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಶಾಖೆಯಲ್ಲೂ ಫೈಲು ತೆರೆಯಿತು. ಹಳದಿ ಪಟ್ಟಿ ಎಲ್ಲೂ ಬರಲಿಲ್ಲ. ಯಾರೂ ಏನೂ ಅನ್ನಬೇಕಾಗಲಿಲ್ಲ.